ವೃತ್ತಿಪರ ಸಮ್ಮೇಳನಗಳಿಗೆ ತಂಡವಾಗಿ ಪ್ರಯಾಣ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳವರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಂದ ಪ್ರತಿ ವರ್ಷವೂ ಶಿಕ್ಷಕರು, ವೈದ್ಯರು, ಕೃಷಿ ಅಧಿಕಾರಿಗಳು, ಅಭಿಯಂತರರು ಹಾಗೂ ಸಕ್ಕರೆ ಕಾರ್ಖಾನೆಗಳ ತಂತ್ರಜ್ಞರು ತಮ್ಮ ವೃತ್ತಿಗೆ ಸಂಬಂಧಿಸಿದ ಸಮ್ಮೇಳನ ಮತ್ತು ವಿಚಾರ ಸಂಕಿರಣಗಳಿಗೆ ತೆರಳುತ್ತಾರೆ. ಸಮ್ಮೇಳನವು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೋ ಪುಣೆಯ ಸಮೀಪದ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿಯೋ ನಡೆದರೆ ಕಾರಿನ ಪ್ರಯಾಣವೇ ಸಾಕಾಗುತ್ತದೆ. ಬೆಂಗಳೂರು, ಹೈದರಾಬಾದ್, ದೆಹಲಿ ಅಥವಾ ಕಬ್ಬು ತಳಿ ಸಂಶೋಧನೆಗೆ ಹೆಸರಾದ ಕೊಯಮತ್ತೂರಿನಂತಹ ದೂರದ ಊರುಗಳಾದರೆ ಕಾರು ಮತ್ತು ವಿಮಾನ ಎರಡನ್ನೂ ಅವಲಂಬಿಸಬೇಕಾಗುತ್ತದೆ.

ಹೀಗೆ ತೆರಳುವ ತಂಡಗಳು ಸಾಮಾನ್ಯವಾಗಿ ವಿಮಾನದ ಟಿಕೆಟ್ಟಿಗೆ ಹೆಚ್ಚಿನ ಗಮನ ನೀಡಿ, ಮನೆಯಿಂದ ವಿಮಾನ ನಿಲ್ದಾಣದವರೆಗಿನ ದಾರಿಯನ್ನು ಕೊನೆಯ ಗಳಿಗೆಗೆ ಬಿಡುವುದು ಕಂಡುಬರುತ್ತದೆ. ವಾಸ್ತವವಾಗಿ ಈ ಐದು ತಾಲ್ಲೂಕುಗಳ ಮಟ್ಟಿಗೆ ವಿಮಾನದಲ್ಲಿ ಕುಳಿತಿರುವ ಅವಧಿಗಿಂತ ಕಾರಿನಲ್ಲಿ ಕಳೆಯುವ ಅವಧಿಯೇ ಅನೇಕ ವೇಳೆ ದೀರ್ಘವಾಗಿರುತ್ತದೆ. ಅನಿಶ್ಚಿತತೆಯೂ ಅಪಾಯವೂ ಇರುವುದು ಬಹುಪಾಲು ಈ ದಾರಿಯಲ್ಲಿಯೇ. ಆದ್ದರಿಂದ ಪ್ರಯಾಣದ ಯೋಜನೆಯು ರಸ್ತೆಯಿಂದ ಆರಂಭವಾಗುವುದು ಅವಶ್ಯ. ಈ ಕುರಿತ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಪ್ರದೇಶದ ಸಾರಿಗೆ ಸ್ಥಿತಿ

ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲ್ಲೂಕುಗಳಾಗಿದ್ದು, 2017–18ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ನಂತರ ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿ ತಾಲ್ಲೂಕುಗಳಿಂದ ಬೇರ್ಪಟ್ಟು ರಚನೆಯಾದವು. ಬೆಂಗಳೂರು–ಪುಣೆ ನಡುವಣ ರಾಷ್ಟ್ರೀಯ ಹೆದ್ದಾರಿ 48 (ಹಿಂದಿನ ರಾಷ್ಟ್ರೀಯ ಹೆದ್ದಾರಿ 4) ಸಂಕೇಶ್ವರ ಮತ್ತು ನಿಪ್ಪಾಣಿಗಳ ಮೂಲಕ ಹಾದು ಕೊಗನೊಳ್ಳಿಯ ಬಳಿ ಮಹಾರಾಷ್ಟ್ರವನ್ನು ಪ್ರವೇಶಿಸುತ್ತದೆ. ಅಥಣಿ ಮತ್ತು ಚಿಕ್ಕೋಡಿ ಕಡೆಯಿಂದ ಬರುವ ರಸ್ತೆಯು ಸಂಕೇಶ್ವರದ ಸಮೀಪ ಈ ಹೆದ್ದಾರಿಯನ್ನು ಕೂಡಿಕೊಳ್ಳುತ್ತದೆ.

ಮೀರಜ್–ಲೋಂಡಾ ರೈಲು ಮಾರ್ಗವು ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ ಮತ್ತು ಚಿಕ್ಕೋಡಿ ರೋಡ್ ನಿಲ್ದಾಣಗಳ ಮೂಲಕ ಸಾಗುತ್ತದೆ. ಆದರೆ ಅಥಣಿ ಮತ್ತು ನಿಪ್ಪಾಣಿ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ. ಚಿಕ್ಕೋಡಿ ರೋಡ್ ನಿಲ್ದಾಣವು ಚಿಕ್ಕೋಡಿ ಪಟ್ಟಣದಿಂದ ದೂರದಲ್ಲಿದೆ. ಹೀಗಾಗಿ ವಿಮಾನ ನಿಲ್ದಾಣ ತಲುಪಲು ಈ ಭಾಗದ ಹೆಚ್ಚಿನವರಿಗೆ ರಸ್ತೆಯೇ ಆಧಾರ.

ಯಾವ ವಿಮಾನ ನಿಲ್ದಾಣ ಸೂಕ್ತ?

ಈ ತಾಲ್ಲೂಕುಗಳವರಿಗೆ ಮುಖ್ಯವಾಗಿ ಎರಡು ವಿಮಾನ ನಿಲ್ದಾಣಗಳು ಸಮೀಪದಲ್ಲಿವೆ.

ಬೆಳಗಾವಿ (ಸಾಂಬ್ರಾ): ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ನಿರ್ಮಾಣವಾದ ಈ ನಿಲ್ದಾಣವು ಬೆಳಗಾವಿ ನಗರದಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ಇದರ ಹೊಸ ಟರ್ಮಿನಲ್ ಕಟ್ಟಡವು ಸೆಪ್ಟೆಂಬರ್ 2017ರಲ್ಲಿ ಉದ್ಘಾಟನೆಗೊಂಡಿತು.

ಕೊಲ್ಹಾಪುರ (ಉಜಳಾಯಿವಾಡಿ): ರಾಷ್ಟ್ರೀಯ ಹೆದ್ದಾರಿ 48ಕ್ಕೆ ಸಮೀಪವಿರುವ ಈ ನಿಲ್ದಾಣದಿಂದ ಪ್ರಾದೇಶಿಕ ಸಂಪರ್ಕ ಯೋಜನೆಯಾದ ‘ಉಡಾನ್’ ಅಡಿಯಲ್ಲಿ 2018ರಲ್ಲಿ ವಿಮಾನ ಸೇವೆ ಪುನರಾರಂಭವಾಯಿತು. ಹೊಸ ಟರ್ಮಿನಲ್ ಮಾರ್ಚ್ 2024ರಲ್ಲಿ ಉದ್ಘಾಟನೆಗೊಂಡಿತು.

ನಿಪ್ಪಾಣಿಯಿಂದ ಕೊಲ್ಹಾಪುರ ನಿಲ್ದಾಣವು ಬೆಳಗಾವಿಗಿಂತ ಸುಮಾರು ಅರ್ಧದಷ್ಟು ದೂರದಲ್ಲಿದೆ. ಕಾಗವಾಡದವರಿಗೂ ಮೀರಜ್ ಮೂಲಕ ಕೊಲ್ಹಾಪುರವೇ ಹತ್ತಿರ. ಅಥಣಿಯಿಂದ ಎರಡೂ ನಿಲ್ದಾಣಗಳು ದೂರವೇ ಆಗಿದ್ದು, ಬೆಳಗಾವಿ ನಗರವೇ ಸುಮಾರು 140 ಕಿ.ಮೀ. ಆಗುತ್ತದೆ. ಚಿಕ್ಕೋಡಿ ಮತ್ತು ರಾಯಬಾಗದವರು ವಿಮಾನದ ವೇಳೆಯನ್ನು ನೋಡಿಕೊಂಡು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಇವೆರಡರಿಂದಲೂ ಅನುಕೂಲಕರ ವಿಮಾನ ದೊರೆಯದಿದ್ದಲ್ಲಿ ಬೆಳಗಾವಿಯಿಂದ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿ ವಿಮಾನ ನಿಲ್ದಾಣವನ್ನು ಪರಿಗಣಿಸಬಹುದು.

ದೂರ ಒಂದನ್ನೇ ನೋಡಿ ನಿಲ್ದಾಣವನ್ನು ನಿರ್ಧರಿಸುವುದು ಸರಿಯಲ್ಲ. ಸಣ್ಣ ನಗರಗಳ ನಿಲ್ದಾಣಗಳಿಂದ ಕೆಲವು ವಿಮಾನಗಳು ವಾರದ ಎಲ್ಲ ದಿನಗಳಲ್ಲಿ ಸಂಚರಿಸುವುದಿಲ್ಲ. ವೇಳಾಪಟ್ಟಿಯು ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರದಿಂದ ಬದಲಾಗುತ್ತದೆ. ನವೆಂಬರ್ ತಿಂಗಳ ಸಮ್ಮೇಳನಕ್ಕೆ ಸೆಪ್ಟೆಂಬರ್ ತಿಂಗಳ ವೇಳಾಪಟ್ಟಿಯನ್ನು ನಂಬಿ ಯೋಜನೆ ಮಾಡಬಾರದು.

ಕೊಲ್ಹಾಪುರದ ಮೂಲಕ ತೆರಳುವ ಸರ್ಕಾರಿ ನೌಕರರು ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಮ್ಮೇಳನವು ಬೆಂಗಳೂರಿನಲ್ಲಿಯೇ ನಡೆದರೂ ಪ್ರಯಾಣವು ನೆರೆರಾಜ್ಯದ ಮೂಲಕ ಸಾಗುತ್ತದೆ. ಆದ್ದರಿಂದ ಪ್ರವಾಸಕ್ಕೆ ಅನುಮತಿ ಕೋರುವಾಗಲೇ ಮಾರ್ಗವನ್ನು ಸ್ಪಷ್ಟವಾಗಿ ನಮೂದಿಸಿ, ಮಂಜೂರಾತಿ ಆದೇಶದಲ್ಲಿ ಅದು ಸೇರುವಂತೆ ನೋಡಿಕೊಂಡರೆ ಮುಂದೆ ಪ್ರವಾಸ ಭತ್ಯೆಯ ಬಿಲ್ಲಿಗೆ ಆಕ್ಷೇಪಣೆ ಬರುವುದು ತಪ್ಪುತ್ತದೆ.

ವಿಮಾನದ ವಿಳಂಬಕ್ಕೂ ಕಾರಿನ ವಿಳಂಬಕ್ಕೂ ಇರುವ ವ್ಯತ್ಯಾಸ

ವಿಮಾನ ರದ್ದಾದಾಗ ಅಥವಾ ವಿಳಂಬವಾದಾಗ ಪ್ರಯಾಣಿಕರಿಗೆ ಕೆಲವು ರಕ್ಷಣೆಗಳಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳ ಪ್ರಕಾರ, ವಿಮಾನ ರದ್ದಾದಲ್ಲಿ ಪರ್ಯಾಯ ವಿಮಾನ ಅಥವಾ ಹಣದ ಮರುಪಾವತಿಯನ್ನು ಕೇಳಬಹುದು. ವಿಳಂಬವು 6 ಗಂಟೆಗಳನ್ನು ಮೀರುವ ಸಂದರ್ಭದಲ್ಲಿಯೂ ಇದೇ ಆಯ್ಕೆ ಇರುತ್ತದೆ. ಹವಾಮಾನದಂತಹ ವಿಮಾನ ಸಂಸ್ಥೆಯ ಕೈಮೀರಿದ ಕಾರಣಗಳಿದ್ದಾಗ ಪರಿಹಾರಧನ ಮಾತ್ರ ದೊರೆಯುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಕಾರು ತಡವಾಗಿ ವಿಮಾನ ತಪ್ಪಿದರೆ ಪ್ರಯಾಣಿಕರು ‘ಗೈರುಹಾಜರು’ ಎಂದು ದಾಖಲಾಗುತ್ತಾರೆ. ಆಗ ಸಾಮಾನ್ಯವಾಗಿ ಶಾಸನಬದ್ಧ ತೆರಿಗೆ ಹಾಗೂ ವಿಮಾನ ನಿಲ್ದಾಣದ ಶುಲ್ಕಗಳನ್ನು ಬಿಟ್ಟು ಟಿಕೆಟ್ಟಿನ ಮೂಲ ದರ ಹಿಂದಿರುಗುವುದಿಲ್ಲ. ಐವರು ಒಂದೇ ಕಾರಿನಲ್ಲಿದ್ದರೆ ಐವರ ಟಿಕೆಟ್ಟೂ ನಷ್ಟವಾಗುತ್ತದೆ, ಮಂಡಿಸಬೇಕಾದ ಪ್ರಬಂಧದ ಸಮಯವೂ ಕಳೆದುಹೋಗುತ್ತದೆ. ವಿಮಾನ ತಡವಾದರೆ ನಿಯಮದ ನೆರವಿದೆ, ರಸ್ತೆಯಲ್ಲಿ ತಡವಾದರೆ ನೆರವಿಲ್ಲ. ಆದ್ದರಿಂದ ಹೆಚ್ಚುವರಿ ಸಮಯವನ್ನು ರಸ್ತೆಗೇ ಮೀಸಲಿಡಬೇಕು.

ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಮುಂದಿನ ಊರಿಗೆ ಹೋಗುವವರು ಎರಡೂ ಹಂತಗಳನ್ನು ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸುವುದು ಸುರಕ್ಷಿತ. ಬೇರೆ ಬೇರೆ ಟಿಕೆಟ್ಟುಗಳಿದ್ದರೆ, ಮೊದಲ ವಿಮಾನದ ವಿಳಂಬದಿಂದ ಎರಡನೆಯದು ತಪ್ಪಿದಾಗ ಎರಡನೆಯ ಸಂಸ್ಥೆಗೆ ಅದರ ಹೊಣೆ ಇರುವುದಿಲ್ಲ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕುವುದು

ಹೊರಡುವ ವೇಳೆಯನ್ನು ವಿಮಾನದ ವೇಳೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಬೇಕು. ಉದಾಹರಣೆಗೆ, ಐದು ತಾಲ್ಲೂಕುಗಳಿಂದ ಒಬ್ಬೊಬ್ಬರಂತೆ ಐವರ ತಂಡವು ಡಿಸೆಂಬರ್ ತಿಂಗಳಲ್ಲಿ ಸಾಂಬ್ರಾದಿಂದ ಬೆಳಿಗ್ಗೆ 11.00 ಗಂಟೆಗೆ ಹೊರಡುವ ವಿಮಾನವನ್ನು ಹಿಡಿಯಬೇಕಾಗಿದೆ ಎಂದಿಟ್ಟುಕೊಳ್ಳೋಣ.

• ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು, ಅಂದರೆ 10.00 ಗಂಟೆಗೆ ಮುಚ್ಚುತ್ತದೆ.
• ಸಾಮಾನು ಒಪ್ಪಿಸಲು ಅರ್ಧ ಗಂಟೆ ಬೇಕು. ಆದ್ದರಿಂದ 9.30ಕ್ಕೆ ನಿಲ್ದಾಣದಲ್ಲಿರಬೇಕು.
• ಸಂಕೇಶ್ವರದಿಂದ ಬೆಳಗಾವಿ ನಗರದ ಸಂಚಾರ ದಾಟಿ ಸಾಂಬ್ರಾ ತಲುಪಲು ಒಂದೂವರೆ ಗಂಟೆ ಇಟ್ಟುಕೊಂಡರೆ, 8.00 ಗಂಟೆಗೆ ಸಂಕೇಶ್ವರ ಬಿಡಬೇಕು.
• ಎಲ್ಲರೂ ಸಂಕೇಶ್ವರದಲ್ಲಿ 7.45ಕ್ಕೆ ಸೇರಬೇಕು.
• ಕಬ್ಬಿನ ಹಂಗಾಮಿನ ದಟ್ಟಣೆಯನ್ನು ಗಮನಿಸಿದರೆ ಅಥಣಿಯವರು ಬೆಳಗಿನ 5.00 ಗಂಟೆಗೆ ಮನೆ ಬಿಡಬೇಕಾಗುತ್ತದೆ.

11.00 ಗಂಟೆಯ ವಿಮಾನಕ್ಕೆ ಬೆಳಗಿನ 5.00 ಗಂಟೆಗೆ ಹೊರಡುವುದು ಅತಿಯಾದ ಎಚ್ಚರಿಕೆಯೆಂದು ತೋರಬಹುದು. ಆದರೆ ಅಥಣಿಯವರ ಪಾಲಿಗೆ ಇದು ಸಾಧಾರಣ ಲೆಕ್ಕವೇ ಆಗಿದೆ. ವಿಮಾನವು ಬೆಳಿಗ್ಗೆ 8.00 ಗಂಟೆಗೆ ಇದ್ದಲ್ಲಿ ಹಿಂದಿನ ಸಂಜೆಯೇ ಬೆಳಗಾವಿ ತಲುಪಿ ಉಳಿಯುವುದು ಯುಕ್ತ.

ಪ್ರತಿಯೊಬ್ಬರ ಮನೆಗೂ ಕಾರು ಹೋಗಿ ಕರೆದುಕೊಂಡು ಬರಲಿ ಎಂಬ ನಿರೀಕ್ಷೆಯಿಂದ ಅನೇಕ ತಂಡಗಳು ತಡವಾಗುತ್ತವೆ. ಬೆಳಗಾವಿಯ ಕಡೆಗೆ ಹೋಗುವಾಗ ಸಂಕೇಶ್ವರವನ್ನು, ಕೊಲ್ಹಾಪುರದ ಕಡೆಗೆ ಹೋಗುವಾಗ ನಿಪ್ಪಾಣಿಯನ್ನು ಸೇರುವ ಸ್ಥಳವಾಗಿ ಇಟ್ಟುಕೊಳ್ಳಬಹುದು. ಕಾಗವಾಡ ಮತ್ತು ಅಥಣಿಯವರು ಮೀರಜ್ ಮಾರ್ಗವಾಗಿ ನೇರವಾಗಿ ಕೊಲ್ಹಾಪುರ ನಿಲ್ದಾಣ ತಲುಪಬಹುದು. ನಿಗದಿತ ವೇಳೆಗೆ ಬಾರದವರಿಗಾಗಿ ಎಷ್ಟು ನಿಮಿಷ ಕಾಯಬೇಕು ಎಂಬುದನ್ನು ಹಿಂದಿನ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು. ಹಾಗೆ ಒಪ್ಪಿಕೊಂಡಲ್ಲಿ ಸಹೋದ್ಯೋಗಿಗಳ ನಡುವೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ರಸ್ತೆ ಸುರಕ್ಷತೆ

ಹೆಚ್ಚಿನ ವೃತ್ತಿಪರ ಸಮ್ಮೇಳನಗಳು ನವೆಂಬರ್‌ನಿಂದ ಫೆಬ್ರವರಿಯವರೆಗೆ ನಡೆಯುತ್ತವೆ. ಈ ಭಾಗದ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದೂ ಇದೇ ಅವಧಿಯಲ್ಲಿ. ಆಗ ಹಗಲು ರಾತ್ರಿಯೆನ್ನದೆ ಟ್ರ್ಯಾಕ್ಟರುಗಳು ಒಂದು ಅಥವಾ ಎರಡು ಟ್ರೇಲರುಗಳಲ್ಲಿ ಕಬ್ಬು ತುಂಬಿಕೊಂಡು ಕಾರ್ಖಾನೆಗಳತ್ತ ಸಾಗುತ್ತವೆ. ಎತ್ತಿನ ಬಂಡಿಗಳೂ ರಸ್ತೆಯಲ್ಲಿರುತ್ತವೆ. ಟ್ರೇಲರಿನ ಅಂಚಿನಿಂದ ಹೊರಚಾಚಿದ ಕಬ್ಬು ಹಿಂಬದಿಯ ದೀಪವನ್ನೂ ಪ್ರತಿಫಲಕವನ್ನೂ ಮರೆಮಾಡುವುದುಂಟು. ಗಾಲಿ ಪಂಕ್ಚರ್ ಆದ ಟ್ರೇಲರ್ ರಸ್ತೆಯ ಮೇಲೆಯೇ ನಿಂತಿರುವುದುಂಟು. ನಸುಕಿನ ಮಂಜಿನಲ್ಲಿ ವೇಗವಾಗಿ ಬರುವ ಕಾರಿನ ಚಾಲಕನಿಗೆ ಇವು ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

2022ರಲ್ಲಿ ದೇಶದಾದ್ಯಂತ 4,61,312 ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಅತಿ ವೇಗವೇ ಇದರ ಪ್ರಮುಖ ಕಾರಣ. ಹೊರಡುವಾಗ ಕಳೆದುಕೊಂಡ ಅರ್ಧ ಗಂಟೆಯನ್ನು ದಾರಿಯಲ್ಲಿ ವೇಗದಿಂದ ತುಂಬಿಕೊಳ್ಳಲು ಪ್ರಯತ್ನಿಸುವುದು ಜೀವಕ್ಕೆ ಎರವಾಗಬಹುದು. ವೇಗ ಹೆಚ್ಚಿಸುವಂತೆ ಸಹಪ್ರಯಾಣಿಕರು ಚಾಲಕನನ್ನು ಒತ್ತಾಯಿಸಬಾರದು.

ಕಾರಿನ ಹಿಂದಿನ ಆಸನದಲ್ಲಿ ಕುಳಿತವರೂ ಸೀಟ್ ಬೆಲ್ಟ್ ಧರಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯ್ದೆಯು ಸೀಟ್ ಬೆಲ್ಟ್ ಧರಿಸದಿರುವುದಕ್ಕೆ 1,000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ. ಐದು ಆಸನಗಳ ಕಾರಿನಲ್ಲಿ ಚಾಲಕನೂ ಸೇರಿ ಐವರಿಗಷ್ಟೇ ಸ್ಥಳವಿದೆ. ಐವರು ಪ್ರತಿನಿಧಿಗಳೂ ಚಾಲಕನೂ ಸೇರಿದರೆ ಆರು ಜನರಾಗುತ್ತಾರೆ. ಅಂತಹ ತಂಡವು ದೊಡ್ಡ ವಾಹನವನ್ನೇ ಗೊತ್ತುಮಾಡಬೇಕು.

ಮಳೆಗಾಲದಲ್ಲಿ ಗಮನಿಸಬೇಕಾದ ಅಂಶಗಳು

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಈ ತಾಲ್ಲೂಕುಗಳ ರಸ್ತೆಗಳನ್ನು ಹಲವೆಡೆ ಹಾದುಹೋಗುತ್ತವೆ. ಮಹಾರಾಷ್ಟ್ರದ ಜಲಾನಯನ ಪ್ರದೇಶದಲ್ಲಿ ಭಾರಿ ಮಳೆಯಾದಾಗ, ಇಲ್ಲಿ ಮಳೆಯೇ ಇಲ್ಲದಿದ್ದರೂ ಕೆಳಮಟ್ಟದ ಬಾಂದಾರ ಸೇತುವೆಗಳು ಮುಳುಗುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ ಮತ್ತು ಸಿದ್ನಾಳ–ಅಕ್ಕೋಳ ಸೇತುವೆಗಳು ಇವುಗಳಲ್ಲಿ ಸೇರಿವೆ.

ದೊಡ್ಡ ಪ್ರವಾಹ ಬಂದಾಗ ರಾಷ್ಟ್ರೀಯ ಹೆದ್ದಾರಿಯೂ ಬಂದ್ ಆಗುತ್ತದೆ. ಆಗಸ್ಟ್ 2019 ಮತ್ತು ಜುಲೈ 2021ರಲ್ಲಿ ನಿಪ್ಪಾಣಿಯ ಉತ್ತರಕ್ಕಿರುವ ಯಮಗರ್ಣಿಯ ಬಳಿ ವೇದಗಂಗೆಯ ನೀರು ಹೆದ್ದಾರಿಯನ್ನು ಆವರಿಸಿ ಸಂಚಾರ ಸ್ಥಗಿತಗೊಂಡಿತ್ತು. ಇಂತಹ ಸಮಯದಲ್ಲಿ ನಿಪ್ಪಾಣಿಯಿಂದ ಕೊಲ್ಹಾಪುರ ನಿಲ್ದಾಣ ಹತ್ತಿರವಿದ್ದರೂ ತಲುಪಲಾಗುವುದಿಲ್ಲ. ಆದ್ದರಿಂದ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಚಿಕ್ಕೋಡಿ ಮತ್ತು ನಿಪ್ಪಾಣಿಯ ತಂಡಗಳು, ದೂರ ಹೆಚ್ಚಾದರೂ, ಬೆಳಗಾವಿ ನಿಲ್ದಾಣವನ್ನೇ ಆರಿಸಿಕೊಳ್ಳುವುದು ಲೇಸು. ಕೃಷ್ಣೆಯ ಆಚೆ ದಡದಲ್ಲಿರುವ ಕಾಗವಾಡ ಮತ್ತು ಅಥಣಿಯವರು ಯಾವ ಸೇತುವೆ ಸಂಚಾರಕ್ಕೆ ಮುಕ್ತವಾಗಿದೆ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ರಾಜಾಪುರ ಬ್ಯಾರೇಜಿನಿಂದ ಹರಿದುಬರುವ ನೀರಿನ ಪ್ರಮಾಣದ ಕುರಿತ ಪ್ರಕಟಣೆಗಳು ಇದಕ್ಕೆ ಉತ್ತಮ ಸೂಚನೆ ನೀಡುತ್ತವೆ. ನೀರು ಹರಿಯುತ್ತಿರುವ ಸೇತುವೆಯನ್ನು ಯಾವ ಕಾರಣಕ್ಕೂ ದಾಟಬಾರದು.

ರಸ್ತೆ ಅಥವಾ ವಿಮಾನ ಕೈಕೊಟ್ಟಲ್ಲಿ ಬೆಂಗಳೂರಿಗೆ ಹೋಗುವವರಿಗೆ ರೈಲು ಪರ್ಯಾಯವಾಗಿರುತ್ತದೆ. ಮೀರಜ್–ಬೆಳಗಾವಿ ಮಾರ್ಗವಾಗಿ ರಾತ್ರಿ ಸಂಚರಿಸುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲನ್ನು ಈ ಭಾಗದವರು ದಶಕಗಳಿಂದ ಅವಲಂಬಿಸಿದ್ದಾರೆ. ಸಮ್ಮೇಳನದ ಮೊದಲ ದಿನವೇ ಪ್ರಬಂಧ ಮಂಡಿಸುವವರು ಒಂದು ದಿನ ಮುಂಚಿತವಾಗಿ ಹೊರಟರೆ ಮಾತ್ರ ಈ ಪರ್ಯಾಯವು ಉಪಯೋಗಕ್ಕೆ ಬರುತ್ತದೆ.

ವಾಹನ ಮತ್ತು ಚಾಲಕ

ಬಾಡಿಗೆಗೆ ಪಡೆಯುವ ಕಾರು ಹಳದಿ ಬಣ್ಣದ ನೋಂದಣಿ ಫಲಕ ಹೊಂದಿರತಕ್ಕದ್ದು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತ ಸಂಭವಿಸಿದಲ್ಲಿ ವಿಮಾ ಪರಿಹಾರಕ್ಕೂ ಇದರಿಂದ ತೊಡಕಾಗಬಹುದು. ಕೊಲ್ಹಾಪುರಕ್ಕೆ ಹೋಗುವ ವಾಹನಕ್ಕೆ ಮಹಾರಾಷ್ಟ್ರದಲ್ಲಿ ಸಂಚರಿಸಲು ಊರ್ಜಿತವಾದ ಪರವಾನಗಿ ಇದೆಯೇ ಎಂಬುದನ್ನು ಮುಂಗಡ ನೀಡುವ ಮೊದಲೇ ಪರಿಶೀಲಿಸಬೇಕು.

ತಂಡವು ಸಮ್ಮೇಳನದಲ್ಲಿ ಅಥವಾ ವಿಮಾನದಲ್ಲಿ ವಿಶ್ರಮಿಸುವ ಹೊತ್ತಿನಲ್ಲಿ ಚಾಲಕನು ಕಾರಿನಲ್ಲಿಯೇ ಕಾದಿರುತ್ತಾನೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961, ದಿನಕ್ಕೆ 8 ಗಂಟೆಗಳ ಕೆಲಸದ ಮಿತಿಯನ್ನು ಗೊತ್ತುಪಡಿಸಿತ್ತು. ಆ ಮಿತಿಯ ಹಿಂದಿನ ಕಾರಣ ಸ್ಪಷ್ಟವಾದುದು: ದಣಿದ ಚಾಲಕನ ಕಣ್ಣು ಅವನ ಅರಿವಿಲ್ಲದೆಯೇ ಮುಚ್ಚುತ್ತದೆ. ಚಾಲಕನ ಊಟ, ನಿದ್ರೆ ಮತ್ತು ತಂಗುವ ವ್ಯವಸ್ಥೆಯ ಖರ್ಚು ಪ್ರಯಾಣದ ಅಂದಾಜಿನಲ್ಲಿ ಮೊದಲೇ ಸೇರಿರಬೇಕು.

ದಾಖಲೆಗಳು ಮತ್ತು ಸಾಮಾನು

• ಟಿಕೆಟ್ಟಿನಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಗಡಿಭಾಗದಲ್ಲಿ ಒಂದೇ ಅಡ್ಡಹೆಸರನ್ನು ಹಲವು ಬಗೆಯಾಗಿ ಬರೆಯುವ ರೂಢಿ ಇರುವುದರಿಂದ, ತಂಡದ ಪರವಾಗಿ ಟಿಕೆಟ್ ಕಾಯ್ದಿರಿಸುವವರು ಪ್ರತಿಯೊಬ್ಬರ ಗುರುತಿನ ಚೀಟಿಯ ಪ್ರತಿಯನ್ನು ನೋಡಿಯೇ ಹೆಸರು ನಮೂದಿಸಬೇಕು.
• ದೇಶೀಯ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿ.ಗ್ರಾಂ. ಹಾಗೂ ಒಪ್ಪಿಸುವ ಸಾಮಾನಿಗೆ 15 ಕಿ.ಗ್ರಾಂ. ಸಾಮಾನ್ಯ ಮಿತಿಯಾಗಿರುತ್ತದೆ. ಸಣ್ಣ ವಿಮಾನಗಳಲ್ಲಿ ಕೈಚೀಲ ಇಡುವ ಜಾಗ ಕಡಿಮೆ. ಭಿತ್ತಿಚಿತ್ರದ ಉದ್ದನೆಯ ಕೊಳವೆ ಒಯ್ಯುವವರು ಮೊದಲೇ ವಿಚಾರಿಸಬೇಕು.
• ಪವರ್ ಬ್ಯಾಂಕನ್ನು ಒಪ್ಪಿಸುವ ಸಾಮಾನಿನಲ್ಲಿ ಇಡುವಂತಿಲ್ಲ. ಅದು ಕೈಚೀಲದಲ್ಲಿಯೇ ಇರಬೇಕು.
• ಪ್ರಬಂಧದ ಪ್ರತಿಯು ತಂಡದ ಕನಿಷ್ಠ ಇಬ್ಬರ ಬಳಿ ಇರಬೇಕು. ಒಬ್ಬರು ತಲುಪದಿದ್ದರೂ ಮತ್ತೊಬ್ಬರು ಮಂಡಿಸಲು ಇದರಿಂದ ಸಾಧ್ಯವಾಗುತ್ತದೆ.
• ಸರ್ಕಾರಿ ನೌಕರರು ವಿಮಾನ ಪ್ರಯಾಣಕ್ಕೆ ತಮಗಿರುವ ಅರ್ಹತೆಯನ್ನು ಪ್ರಚಲಿತ ಸೇವಾ ನಿಯಮಗಳ ಪ್ರಕಾರ ಖಚಿತಪಡಿಸಿಕೊಂಡು, ಪೂರ್ವಾನುಮತಿ ಪಡೆಯಬೇಕು. ಟಿಕೆಟ್, ಬೋರ್ಡಿಂಗ್ ಪಾಸ್, ಕೊಗನೊಳ್ಳಿ ಅಥವಾ ಹತ್ತರಗಿ ಟೋಲ್ ರಸೀದಿ ಹಾಗೂ ಸಮ್ಮೇಳನದ ಹಾಜರಾತಿ ಪ್ರಮಾಣಪತ್ರಗಳನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಜೋಪಾನವಾಗಿಡಬೇಕು.

ಹಿಂದಿರುಗುವ ಪ್ರಯಾಣ

ಹೋಗುವಾಗ ಇರುವ ಎಚ್ಚರ ಬರುವಾಗ ಇರುವುದಿಲ್ಲ. ಎರಡು ದಿನಗಳ ಸಮ್ಮೇಳನ ಮುಗಿಸಿ ರಾತ್ರಿಯ ವಿಮಾನದಲ್ಲಿ ಸಾಂಬ್ರಾಕ್ಕೆ ಬಂದಿಳಿದ ತಂಡಕ್ಕೆ ಮನೆ ಸೇರುವ ಆತುರವಿರುವುದು ಸಹಜ. ಆದರೆ ಅಥಣಿಯವರಿಗೆ ಅಲ್ಲಿಂದ ಮುಂದೆ ಇನ್ನೂ ಮೂರು ಗಂಟೆಗೂ ಹೆಚ್ಚಿನ ರಸ್ತೆಯಿದೆ. ನಡುರಾತ್ರಿಯಲ್ಲಿ ಕಬ್ಬಿನ ಟ್ರೇಲರುಗಳ ನಡುವೆ, ದಣಿದ ಚಾಲಕನೊಂದಿಗೆ ಆ ದಾರಿಯನ್ನು ಕ್ರಮಿಸುವುದಕ್ಕಿಂತ ಬೆಳಗಾವಿಯಲ್ಲಿ ತಂಗಿ ಬೆಳಿಗ್ಗೆ ಹೊರಡುವುದು ಉತ್ತಮ. ಒಂದು ರಾತ್ರಿಯ ವಸತಿಯ ವೆಚ್ಚವು ಒಂದು ಜೀವದ ಮುಂದೆ ದೊಡ್ಡದಲ್ಲ. ಮೇಲಧಿಕಾರಿಗಳು ಸಹ ಮರುದಿನ ಬೆಳಿಗ್ಗೆಯೇ ಕರ್ತವ್ಯಕ್ಕೆ ಹಾಜರಾಗಬೇಕೆಂದು ಸೂಚಿಸುವ ಮೊದಲು ಈ ದೂರವನ್ನು ಗಮನದಲ್ಲಿಟ್ಟುಕೊಳ್ಳುವುದು ಸೂಕ್ತ.

ದಾರಿಯಲ್ಲಿ ಅವಘಡ ಸಂಭವಿಸಿದಲ್ಲಿ ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108 ಹಾಗೂ ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033 ಸಂಖ್ಯೆಗೆ ಕರೆ ಮಾಡಬಹುದು. ಅಪಘಾತದಲ್ಲಿ ಗಾಯಗೊಂಡವರಿಗೆ ಸದುದ್ದೇಶದಿಂದ ನೆರವಾಗುವವರಿಗೆ ಮೋಟಾರು ವಾಹನಗಳ ಕಾಯ್ದೆಯ 134ಎ ಪ್ರಕರಣವು ರಕ್ಷಣೆ ನೀಡುತ್ತದೆ. ಆದ್ದರಿಂದ ನೆರವಾಗಲು ಹಿಂಜರಿಯಬೇಕಾಗಿಲ್ಲ.

ಸಮ್ಮೇಳನದ ಪ್ರಯೋಜನ ಊರಿಗೆ ತಲುಪಬೇಕು

ಐದು ತಾಲ್ಲೂಕುಗಳ ಸಹೋದ್ಯೋಗಿಗಳು ಒಟ್ಟಾಗಿ ಪ್ರಯಾಣಿಸುವುದರಿಂದ ಖರ್ಚು ಹಂಚಿಕೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ವೇಳೆಯಲ್ಲಿ ಬೇರೆ ಬೇರೆ ಗೋಷ್ಠಿಗಳಿದ್ದಾಗ ತಂಡದವರು ಅವುಗಳನ್ನು ಹಂಚಿಕೊಂಡು ಹಾಜರಾಗಬಹುದು. ಹಿಂದಿರುಗುವ ದಾರಿಯಲ್ಲಿಯೇ ಪ್ರತಿಯೊಬ್ಬರೂ ಕೇಳಿದ್ದನ್ನು ಉಳಿದವರಿಗೆ ತಿಳಿಸಿ ಮುಖ್ಯಾಂಶಗಳನ್ನು ಬರೆದಿಟ್ಟುಕೊಂಡರೆ ಎರಡು ಪುಟಗಳ ಕನ್ನಡ ವರದಿ ಸಿದ್ಧವಾಗುತ್ತದೆ.

ಸವಳು ಜಮೀನಿನಲ್ಲಿ ಬಸಿಗಾಲುವೆಯ ಹೊಸ ವಿಧಾನವನ್ನು ಕೃಷಿ ಅಧಿಕಾರಿಯು ಕೇಳಿ ಬಂದರೆ ಅದು ರೈತ ಸಂಪರ್ಕ ಕೇಂದ್ರದ ಮೂಲಕ ಕೃಷ್ಣಾ ತೀರದ ಹೊಲಗಳಿಗೆ ತಲುಪಬೇಕು. ಶಿಕ್ಷಕರು ಕಲಿತ ಬೋಧನಾ ಕ್ರಮವು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕ್ಲಸ್ಟರ್ ಸಭೆಗಳಲ್ಲಿ ಚರ್ಚೆಯಾಗಬೇಕು. ಆ ಹೊಲವೂ ಆ ಶಾಲೆಯೂ ಕಾದಿರುವುದರಿಂದಲೇ ತಂಡವು ವೇಳೆಗೆ ಸರಿಯಾಗಿ ತಲುಪುವುದು ಎಷ್ಟು ಮುಖ್ಯವೋ, ಪ್ರತಿಯೊಬ್ಬ ಸದಸ್ಯನೂ ಕ್ಷೇಮವಾಗಿ ಹಿಂದಿರುಗುವುದು ಅಷ್ಟೇ ಮುಖ್ಯವಾಗಿರುತ್ತದೆ.